ಸುಕ್ರೋಸ್‌ಗೆ ಹೆದರಬೇಡಿ, ಅದು ನಿಮ್ಮ ಮನೆಯ ಸಕ್ಕರೆ!



ಬೆಂಗಳೂರಿನ ದರ್ಶಿನಿಯ ಮುಂದೆ ನಿಂತು ನೀವು ಕುಡಿಯುವ ಬೈಟು ಕಾಫಿಯ ಲೋಟದಲ್ಲಿ ಎರಡು ಚಮಚ ಸಕ್ಕರೆ ಇರುತ್ತದೆ. ಅದು ಎಲ್ಲಿಂದ ಬಂತು? ಬೆಳಗಾವಿ ಜಿಲ್ಲೆಯ ಅಥಣಿಯಿಂದ ಬಂದಿರಬಹುದು. ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯಿಂದ ಬಂದಿರಬಹುದು. ಕೃಷ್ಣೆಯ ನೀರು ಕುಡಿದು ಕಪ್ಪು ಮಣ್ಣಿನಲ್ಲಿ ಎದ್ದು ನಿಂತ ಕಬ್ಬು ಅದು. ಉಗಾರ ಖುರ್ದದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಈಗ ಈ ಐದೂ ತಾಲೂಕುಗಳ ಬದುಕು ಕಬ್ಬಿನ ಸುತ್ತಲೇ ಗಾಣದ ಎತ್ತಿನಂತೆ ತಿರುಗುತ್ತಿದೆ.

ಆ ಸೀಮೆಯ ರೈತನ ಮಗ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದುತ್ತಾನೆ. ಆಮೇಲೆ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾನೆ. ಅಲ್ಲಿ ರಸಾಯನಶಾಸ್ತ್ರದ ಪುಸ್ತಕ ತೆರೆದರೆ ಅವನಿಗೆ ಎದುರಾಗುವ ಹೆಸರು ‘ಸುಕ್ರೋಸ್’. ಹುಟ್ಟಿದಂದಿನಿಂದ ತಿಂದ ವಸ್ತು, ಅಪ್ಪ ಬೆಳೆದ ವಸ್ತು, ಅಜ್ಜ ಕೊಪ್ಪರಿಗೆಯಲ್ಲಿ ಕಾಸಿದ ವಸ್ತು! ಆದರೆ ಹೆಸರು ಕೇಳಿದ ಕೂಡಲೇ ಹುಡುಗ ಬೆವರುತ್ತಾನೆ. ಪಕ್ಕದ ಬೆಂಚಿನ ಇಂಗ್ಲಿಷ್ ಮಾಧ್ಯಮದವನು ಆ ಪದವನ್ನು ಪಟಪಟನೆ ಹೇಳುತ್ತಾನೆ. ಇವನು ತಲೆ ತಗ್ಗಿಸುತ್ತಾನೆ. ‘ಇದು ಇಂಗ್ಲಿಷಿನವರ ವಿದ್ಯೆ, ನಮ್ಮದಲ್ಲ’ ಎಂಬ ಕೀಳರಿಮೆ ಅಂದೇ ಅವನ ಎದೆಯೊಳಗೆ ಬೇರು ಬಿಡುತ್ತದೆ.

ನಾವು ಇಂದು ಹೇಳಹೊರಟಿರುವುದು ಇಷ್ಟೇ. ಆ ಹುಡುಗ ತಲೆ ತಗ್ಗಿಸಬೇಕಾದ ಕಾರಣವೇ ಇಲ್ಲ. ‘ಸುಕ್ರೋಸ್’ ಇಂಗ್ಲಿಷಿನ ಮನೆಯಲ್ಲಿ ಹುಟ್ಟಿದ ಕೂಸಲ್ಲ. ಅದು ನಮ್ಮ ‘ಸಕ್ಕರೆ’ಯ ಒಡಹುಟ್ಟು. ದೂರದೇಶ ಸುತ್ತಿ, ವೇಷ ಬದಲಿಸಿಕೊಂಡು ಮನೆಗೆ ಬಂದಿರುವ ನೆಂಟ. ಗುರುತು ಸಿಗದೆ ನಾವೇ ಅದಕ್ಕೆ ಹೆದರಿ ಬಾಗಿಲ ಹಿಂದೆ ಅಡಗಿದ್ದೇವೆ!

ಗರಸು ಮರಳಿನಿಂದ ಹೊರಟ ಮಾತು

ಈ ಮಾತಿನ ಹುಟ್ಟನ್ನು ಕೇಳಿ. ಸಂಸ್ಕೃತದ ‘ಶರ್ಕರಾ’ ಎಂಬ ಪದಕ್ಕೆ ಮೊದಲು ಸಿಹಿಯ ಸೋಂಕೇ ಇರಲಿಲ್ಲ. ಶರ್ಕರಾ ಎಂದರೆ ಗರಸು, ನೊರಜುಗಲ್ಲು, ದಪ್ಪ ಮರಳು. ಕಬ್ಬಿನ ಹಾಲನ್ನು ಕಾಸಿ ಕಾಸಿ ಹರಳುಗಟ್ಟಿಸುವ ವಿದ್ಯೆಯನ್ನು ಈ ನೆಲದ ಜನ ಕಂಡುಕೊಂಡರು. ಆ ಹರಳು ಕಣ್ಣಿಗೆ ಗರಸಿನಂತೆ ಕಂಡಿತು. ಗರಸಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ಪ್ರಾಕೃತದ ನಾಲಿಗೆಯಲ್ಲಿ ಶರ್ಕರಾ ಮೆದುವಾಗಿ ‘ಸಕ್ಕರಾ’ ಆಯಿತು. ಕನ್ನಡಕ್ಕೆ ಬಂದು ‘ಸಕ್ಕರೆ’ ಆಯಿತು. ಇಂಥ ತದ್ಭವಗಳು ಹೇಗೆ ಆಗುತ್ತವೆ ಎಂಬುದಕ್ಕೆ 13ನೇ ಶತಮಾನದಲ್ಲೇ ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಅಲ್ಲಿಗೆ ನಿಲ್ಲಲಿಲ್ಲ ಈ ಮಾತಿನ ಓಟ. ಅಲೆಗ್ಸಾಂಡರನ ಜೊತೆ ಬಂದ ಗ್ರೀಕರು ಜೇನ್ನೊಣವಿಲ್ಲದೆ ಜೇನು ಕೊಡುವ ಜೊಂಡು ಈ ದೇಶದಲ್ಲಿದೆ ಎಂದು ಬೆರಗಾಗಿ ಹೇಳಿಕೊಂಡರು. ಕ್ರಿಸ್ತಶಕ 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ತನ್ನ ಔಷಧ ಗ್ರಂಥದಲ್ಲಿ ಅದರ ಹೆಸರನ್ನೇ ಬರೆದ: ‘ಸಾಕ್ಖರೋನ್’. ಬಾಯಿಬಿಟ್ಟು ಹೇಳಿ ನೋಡಿ. ಸಕ್ಕರಾ, ಸಕ್ಕರೆ, ಸಾಕ್ಖರೋನ್. ಕಿವಿ ಇದ್ದವರಿಗೆ ವಿವರಣೆ ಬೇಕೇ?

ಇನ್ನೊಂದು ದಾರಿ ಪರ್ಶಿಯಾದ ಮೇಲೆ ಹೋಯಿತು. ಪರ್ಶಿಯನ್ನರು ‘ಶಕರ್’ ಎಂದರು. ಅರಬರು ‘ಸುಕ್ಕರ್’ ಎಂದರು. ಅರಬರ ಕಬ್ಬು, ಅರಬರ ಸಕ್ಕರೆ ಮೆಡಿಟರೇನಿಯನ್ ಕಡಲ ದಂಡೆಗೆಲ್ಲ ಹಬ್ಬಿತು. ಜೊತೆಗೆ ಮಾತೂ ಹಬ್ಬಿತು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಸುಕ್ಕಾರುಮ್, ಇಟಲಿಯಲ್ಲಿ ಝುಕ್ಕೆರೋ, ಸ್ಪೇನಿನಲ್ಲಿ ಅಸೂಕರ್, ಜರ್ಮನಿಯಲ್ಲಿ ಟ್ಸುಕರ್, ಫ್ರಾನ್ಸಿನಲ್ಲಿ ಸುಕ್ರ್, ಇಂಗ್ಲೆಂಡಿನಲ್ಲಿ ಶುಗರ್. ರಷ್ಯಾದವನು ‘ಸಾಖರ್’ ಅನ್ನುತ್ತಾನೆ. ಕಾಗವಾಡ ದಾಟಿ ಮಿರಜಕ್ಕೆ ಕಾಲಿಟ್ಟರೆ ಮರಾಠಿಯವನೂ ‘ಸಾಖರ್’ ಅನ್ನುತ್ತಾನೆ! ಗಡಿಯ ಕಲ್ಲು ಮನುಷ್ಯರನ್ನು ತಡೆಯಬಹುದು. ಮಾತನ್ನು ಯಾವ ಕಲ್ಲು ತಡೆದೀತು?

ಹೆಸರಿಟ್ಟವರು ಯಾರು?

ಇನ್ನು ರಸಾಯನಶಾಸ್ತ್ರದ ಸರದಿ. 1838ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ದ್ರಾಕ್ಷಿಯಲ್ಲಿರುವ ಸಕ್ಕರೆಗೆ ‘ಗ್ಲೂಕೋಸ್’ ಎಂದು ಕರೆದರು. ಸಿಹಿಯಾದ ದ್ರಾಕ್ಷಾರಸಕ್ಕೆ ಗ್ರೀಕರು ಹೇಳುತ್ತಿದ್ದ ಪದದಿಂದ ಅದನ್ನು ಕಟ್ಟಿದರು. ಅದರ ಬಾಲದಲ್ಲಿದ್ದ ‘ಓಸ್’ ಎಂಬುದು ಸಕ್ಕರೆಯ ಜಾತಿಗೆ ಸೇರಿದ ವಸ್ತುಗಳಿಗೆಲ್ಲ ಮನೆತನದ ಹೆಸರಾಯಿತು. 1857ರಲ್ಲಿ ವಿಲಿಯಂ ಮಿಲ್ಲರ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಫ್ರೆಂಚಿನ ‘ಸುಕ್ರ್’ಗೆ ಈ ‘ಓಸ್’ ಜೋಡಿಸಿದ. ‘ಸುಕ್ರೋಸ್’ ಹುಟ್ಟಿತು. ಇಷ್ಟೇ ಅದರ ದೊಡ್ಡಸ್ತಿಕೆ! ಸಕ್ಕರೆ ಎಂಬ ಮಾತಿನ ಫ್ರೆಂಚ್ ರೂಪಕ್ಕೆ ಒಂದು ಬಾಲ.

ಫ್ರಾನ್ಸಿನ ಬರ್ತೆಲೋ ಎಂಬ ವಿಜ್ಞಾನಿ 1860ರಲ್ಲಿ ಅದೇ ವಸ್ತುವನ್ನು ‘ಸ್ಯಾಕರೋಸ್’ ಎಂದು ಕರೆದ. ಅದೂ ಗ್ರೀಕರ ಸಾಕ್ಖರೋನ್ ಬಳಿಗೆ, ಅಂದರೆ ನಮ್ಮ ಸಕ್ಕರೆಯ ಬಳಿಗೇ ಹೋಗಿ ನಿಲ್ಲುತ್ತದೆ. ಕಬ್ಬಿಗೆ ಲಿನೇಯಸ್ 1753ರಲ್ಲಿ ಇಟ್ಟ ಶಾಸ್ತ್ರೀಯ ಹೆಸರು ‘ಸ್ಯಾಕರಮ್ ಅಫಿಸಿನಾರಮ್’. ಹಿಟ್ಟು ಹುದುಗು ಬರಿಸುವ, ಕಾಕಂಬಿಯಿಂದ ಮದ್ಯಸಾರ ತೆಗೆಯಲು ಬೇಕಾಗುವ ಯೀಸ್ಟಿನ ಹೆಸರು ‘ಸ್ಯಾಕರೋಮೈಸಿಸ್’, ಅಂದರೆ ಸಕ್ಕರೆಯ ಬೂಷ್ಟು. 1879ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಡಾಂಬರಿನಿಂದ ತೆಗೆದ ವಸ್ತುವಿನಿಂದ ಒಂದು ಅತಿ ಸಿಹಿಯಾದ ಪುಡಿ ಸಿಕ್ಕಿತು. ಅದರಲ್ಲಿ ಸಕ್ಕರೆಯ ಒಂದು ಕಣವೂ ಇರಲಿಲ್ಲ. ಆದರೂ ಹೆಸರಿಗಾಗಿ ಸಕ್ಕರೆಯ ಮನೆಗೇ ಬಂದರು: ‘ಸ್ಯಾಕರಿನ್’!

ಈ ಹೆಸರುಗಳನ್ನು ಪಾಠದಲ್ಲಿ ಒಂದೊಂದಾಗಿ ಉರು ಹೊಡೆಯುವ ಹುಡುಗನಿಗೆ ಅವು ಐದು ಭೂತಗಳು. ಮೂಲ ತಿಳಿದವನಿಗೆ ಅವು ಒಂದೇ ಮನೆಯ ಐದು ಮಕ್ಕಳು.

ಸುಳ್ಳು ಹೆಮ್ಮೆ ಬೇಡ

ಇಲ್ಲೊಂದು ಎಚ್ಚರಿಕೆಯ ಮಾತು. ‘ನೋಡಿ, ಸುಕ್ರೋಸ್ ಕನ್ನಡದಿಂದಲೇ ಹುಟ್ಟಿತು’ ಎಂದು ನಾಳೆ ಬೆಳಿಗ್ಗೆ ಎದೆ ತಟ್ಟಿಕೊಂಡು ಹೊರಡಬೇಡಿ. ಅದು ಸುಳ್ಳು. ಸುಳ್ಳಿನ ಮೇಲೆ ಕಟ್ಟಿದ ಅಭಿಮಾನ ಮೊದಲ ಪ್ರಶ್ನೆಗೇ ಕುಸಿದು ಬೀಳುತ್ತದೆ, ಜೊತೆಗೆ ಕನ್ನಡವನ್ನೂ ನಗೆಪಾಟಲು ಮಾಡುತ್ತದೆ. ಮೂಲ ಸಂಸ್ಕೃತ, ಪ್ರಾಕೃತಗಳದ್ದು. ಕನ್ನಡವೂ ಪಡೆಯಿತು, ಗ್ರೀಕೂ ಪಡೆಯಿತು, ಅರಬಿಯೂ ಪಡೆಯಿತು, ಇಂಗ್ಲಿಷೂ ಪಡೆಯಿತು. ಪಡೆದವರ ಸಾಲಿನಲ್ಲಿ ಇಂಗ್ಲಿಷಿಗಿಂತ ನಾವು ಎಷ್ಟೋ ಮುಂದೆ ನಿಂತಿದ್ದೇವೆ ಎಂಬುದಷ್ಟೇ ಸತ್ಯ. ಆ ಸತ್ಯ ಸಾಲದೇ?

ನಮ್ಮದೇ ಸ್ವಂತ ಆಸ್ತಿ ಬೇಕಿದ್ದರೆ ಅದೂ ಇದೆ. ‘ಕಬ್ಬು’ ಯಾರಿಂದಲೂ ಕಡ ತಂದದ್ದಲ್ಲ. ಹಳಗನ್ನಡದ ‘ಕರ್ಬು’, ತಮಿಳಿನ ‘ಕರುಂಬು’ ಒಂದೇ ಬಳ್ಳಿಯವು. ‘ಬೆಲ್ಲ’ವೂ ಹಾಗೆಯೇ. ತಮಿಳಿನಲ್ಲಿ ‘ವೆಲ್ಲಂ’, ತೆಲುಗಿನಲ್ಲಿ ‘ಬೆಲ್ಲಮು’. ಅಥಣಿಯ ಗದ್ದೆಯಲ್ಲಿ ನಿಂತಾಗ ಅದು ದ್ರಾವಿಡ ‘ಕಬ್ಬು’. ಗಾಣದ ಕೊಪ್ಪರಿಗೆಯಲ್ಲಿ ದ್ರಾವಿಡ ‘ಬೆಲ್ಲ’. ಕಾರ್ಖಾನೆಯ ಚೀಲದಲ್ಲಿ ಪ್ರಾಕೃತ ಮೂಲದ ‘ಸಕ್ಕರೆ’. ಪಕ್ಕದ ಪ್ರಯೋಗಾಲಯದಲ್ಲಿ ಫ್ರೆಂಚ್ ಅಂಗಿ ತೊಟ್ಟ ‘ಸುಕ್ರೋಸ್’. ಒಂದೇ ಬೆಳೆ ಒಂದೇ ದಿನದಲ್ಲಿ ಇಷ್ಟು ಭಾಷೆಗಳನ್ನು ದಾಟುತ್ತದೆ. ಈ ದಾರಿಯನ್ನು ಹುಡುಗನಿಗೆ ತೋರಿಸುವ ಮೇಷ್ಟರು ಬೇಕು.

ನಿಪ್ಪಾಣಿಯ ಹೊಗೆಸೊಪ್ಪು, ಫ್ರಾನ್ಸಿನ ನಿಘಂಟು

ಕಬ್ಬಿನ ಮಾತು ಆಯಿತು. ಪಕ್ಕದ ನಿಪ್ಪಾಣಿಗೆ ಬನ್ನಿ. ಅದು ಬೀಡಿ ತಂಬಾಕಿನ ಪೇಟೆ. ತಂಬಾಕಿನೊಳಗಿನ ವಿಷದ ಹೆಸರು ನಿಕೋಟಿನ್. ಈ ಹೆಸರಿನ ಕಥೆ ಕೇಳಿದರೆ ಕನ್ನಡ ಹೋರಾಟಗಾರರು ಎದ್ದು ಕೂಡುತ್ತೀರಿ.

ಜಾನ್ ನಿಕೋ ಎಂಬಾತ ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ. 1560ರಲ್ಲಿ ಆತ ತಂಬಾಕನ್ನು ಔಷಧವೆಂದು ಹೊಗಳಿ ಫ್ರಾನ್ಸಿನ ಅರಮನೆಗೆ ಕಳಿಸಿಕೊಟ್ಟ. ಅವನ ಹೆಸರೇ ಗಿಡಕ್ಕೆ ‘ನಿಕೋಟಿಯಾನ’ ಆಯಿತು. 1828ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮಾನ್ ಎಂಬಿಬ್ಬರು ಆ ಎಲೆಯಿಂದ ವಿಷವನ್ನು ಬೇರ್ಪಡಿಸಿದರು. ಅದೇ ನಿಕೋಟಿನ್.

ಆದರೆ ಈ ನಿಕೋ ಬರೀ ರಾಯಭಾರಿಯಲ್ಲ. ಆತ ತನ್ನ ತಾಯ್ನುಡಿಗೆ ನಿಘಂಟು ಕಟ್ಟಿದವನು! ಆತ ತೀರಿಕೊಂಡ ಮೇಲೆ 1606ರಲ್ಲಿ ಅಚ್ಚಾದ ಅವನ ಕೋಶ ಫ್ರೆಂಚ್ ಭಾಷೆಯ ಮೊದಮೊದಲ ನಿಘಂಟುಗಳಲ್ಲಿ ಒಂದು. ಆಗ ಫ್ರಾನ್ಸಿನ ಪಂಡಿತರಿಗೆ ಲ್ಯಾಟಿನ್ನೇ ವಿದ್ಯೆಯ ಭಾಷೆ. ಬೀದಿಯ ಜನರ ಫ್ರೆಂಚಿಗೂ ಒಂದು ಕೋಶ ಬೇಕು ಎಂದು ದುಡಿದವನು ಆತ. ಪ್ರಪಂಚ ಅವನನ್ನು ವಿಷದ ಹೆಸರಿನಲ್ಲಿ ನೆನೆಯುತ್ತದೆ. ನಾವು ಅವನನ್ನು ನಿಘಂಟಿನ ಹೆಸರಿನಲ್ಲಿ ನೆನೆಯೋಣ.

ನಮ್ಮ ಜನ ಏನು ಮಾಡಿದರು? ಗೋವೆಯ ಪೋರ್ಚುಗೀಸರಿಂದ ಬಂದ ಈ ಎಲೆ ವಿಜಾಪುರದ ಆದಿಲಶಾಹಿ ರಾಜ್ಯದಲ್ಲಿ ಹಬ್ಬಿತು. ಅಥಣಿ ಸೀಮೆಯೂ ಆಗ ಅದೇ ರಾಜ್ಯದ್ದು. ಅಕ್ಬರನ ಅಧಿಕಾರಿ ಅಸದ್ ಬೇಗ್ 1604ರ ಹೊತ್ತಿಗೆ ತಂಬಾಕನ್ನು ಮೊಗಲರ ಆಸ್ಥಾನಕ್ಕೆ ಒಯ್ದು ತೋರಿಸಿದ್ದು ವಿಜಾಪುರದಿಂದಲೇ. ಹೊಸ ವಸ್ತುವಿನ ಜೊತೆ ‘ತಂಬಾಕು’ ಎಂಬ ಹೊರಗಿನ ಹೆಸರೂ ಬಂತು. ಕನ್ನಡಿಗ ಅದನ್ನು ತಳ್ಳಲಿಲ್ಲ, ಬಳಸಿದ. ಅದರ ಪಕ್ಕದಲ್ಲೇ ತನ್ನದೊಂದು ಹೆಸರನ್ನೂ ಕಟ್ಟಿದ: ‘ಹೊಗೆಸೊಪ್ಪು’. ಎಂಥ ಹೆಸರು! ಅದು ಏನು, ಅದರಿಂದ ಏನು ಮಾಡುತ್ತಾರೆ, ಎರಡೂ ಒಂದೇ ಮಾತಿನಲ್ಲಿ. ಯಾವ ವಿಶ್ವವಿದ್ಯಾಲಯದ ಪರಿಭಾಷಾ ಸಮಿತಿಯೂ ಕೂತು ಮಾಡಿದ್ದಲ್ಲ ಅದು. ಹೊಲದಲ್ಲಿ ದುಡಿಯುವವರು ಕಟ್ಟಿದ ಪದ.

ಅಥಣಿಯ ಚಪ್ಪಲಿಯನ್ನೂ ಮರೆಯಬೇಡಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ಬೆಳಗಾವಿಗೂ ಪಾಲು ಸಿಕ್ಕಿತು. ಜಾಲಿಯ ತೊಗಟೆ, ಅಣಲೆಕಾಯಿಯ ಒಗರಿನಲ್ಲಿ ತೊಗಲನ್ನು ಹದ ಮಾಡುವ ವಿದ್ಯೆ ಈ ಸೀಮೆಯದು. ಆ ಒಗರಿಗೆ ರಸಾಯನಶಾಸ್ತ್ರದ ಹೆಸರು ಟ್ಯಾನಿನ್. ಫ್ರಾನ್ಸಿನಲ್ಲಿ ತೊಗಲು ಹದ ಮಾಡಲು ಪುಡಿ ಮಾಡುತ್ತಿದ್ದ ಓಕ್ ಮರದ ತೊಗಟೆಯ ಹೆಸರಿನಿಂದ ಬಂದ ಪದ ಅದು. ನೋಡಿ, ಅಲ್ಲಿಯೂ ವಿಜ್ಞಾನಿ ಹೆಸರನ್ನು ಆಕಾಶದಿಂದ ಇಳಿಸಲಿಲ್ಲ. ತೊಗಲು ಹದ ಮಾಡುವವನ ಬಾಯಿಂದ ಎತ್ತಿಕೊಂಡ. ಕುಶಲಕರ್ಮಿಯ ಮಾತು ಶಾಸ್ತ್ರದ ಮಾತಾಯಿತು. ಫ್ರಾನ್ಸಿನಲ್ಲಿ ಆಗುವುದು ಅಥಣಿಯಲ್ಲಿ ಯಾಕೆ ಆಗಬಾರದು?

ಹೆಸರು ಗೊತ್ತಿಲ್ಲದವನ ಜೇಬು

‘ಹೆಸರಿನಲ್ಲೇನಿದೆ, ಬಿಡ್ರೀ’ ಎನ್ನುವವರು ಇರುತ್ತಾರೆ. ಹೆಸರಿನಲ್ಲಿ ಏನಿದೆ ಎಂದು ಕಬ್ಬಿನ ರೈತನನ್ನು ಕೇಳಿ. ಹೆಸರಿನಲ್ಲಿ ದುಡ್ಡಿದೆ!

ರೈತ ಕಾರ್ಖಾನೆಗೆ ಕಬ್ಬು ಸಾಗಿಸುತ್ತಾನೆ. ಕಾರ್ಖಾನೆ ಅದರಿಂದ ತೆಗೆಯುವುದು ಸುಕ್ರೋಸನ್ನು. 12 ಇಂಗಾಲ, 22 ಜಲಜನಕ, 11 ಆಮ್ಲಜನಕದ ಪರಮಾಣುಗಳ ಆ ಕಣವೇ ಬೆಲೆಯ ಬುಡ. 100 ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದೇ ‘ರಿಕವರಿ’. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ಗೊತ್ತುಮಾಡಿದ ದರ, 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ರಿಕವರಿ 0.1 ಹೆಚ್ಚಿದಂತೆಲ್ಲ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಹೆಚ್ಚು. ಲೆಕ್ಕ ಹಾಕಿ. 100 ಟನ್ ಕಬ್ಬು ಕಳಿಸಿದ ರೈತನಿಗೆ 0.1ರ ವ್ಯತ್ಯಾಸ ಎಂದರೆ 3,460 ರೂಪಾಯಿ. ದಶಮಾಂಶ ಬಿಂದುವಿನ ಪಕ್ಕದ ಒಂದು ಅಂಕಿಯಲ್ಲಿ ಮಗಳ ಕಾಲೇಜಿನ ಫೀಜಿನ ಒಂದು ಕಂತು ಕೂತಿದೆ!

ಆ ಅಂಕಿ ಹೇಗೆ ಬರುತ್ತದೆ? ಪ್ರಯೋಗಾಲಯದಲ್ಲಿ ‘ಬ್ರಿಕ್ಸ್’ ಅಳೆಯುತ್ತಾರೆ, ‘ಪೋಲ್’ ಅಳೆಯುತ್ತಾರೆ. ಬ್ರಿಕ್ಸ್ ಎಂಬುದು ಅಡಾಲ್ಫ್ ಬ್ರಿಕ್ಸ್ ಎಂಬ ಜರ್ಮನ್ನನ ಹೆಸರು. ಕಬ್ಬಿನ ಹಾಲಿನಲ್ಲಿ ಕರಗಿರುವ ಘನಪದಾರ್ಥ ಎಷ್ಟು ಎಂದು ಅದು ಹೇಳುತ್ತದೆ. ಪೋಲ್ ಎಂಬುದು ಧ್ರುವೀಕರಣಕ್ಕೆ ಇಂಗ್ಲಿಷಿನಲ್ಲಿರುವ ಪದದ ತುಂಡು. ಸಕ್ಕರೆಯ ನೀರಿನ ಮೂಲಕ ಹಾಯುವ ಧ್ರುವೀಕೃತ ಬೆಳಕು ಒಂದು ಪಕ್ಕಕ್ಕೆ ತಿರುಗುತ್ತದೆ. ಎಷ್ಟು ತಿರುಗಿತು ಎಂಬುದರಿಂದ ಸುಕ್ರೋಸ್ ಎಷ್ಟಿದೆ ಎಂದು ತಿಳಿಯುತ್ತದೆ. ಇದರಲ್ಲಿ ಬ್ರಹ್ಮವಿದ್ಯೆ ಏನಿದೆ? ಕನ್ನಡದ ಮೂರು ವಾಕ್ಯಗಳಲ್ಲಿ ಮುಗಿಯಿತು. ಬ್ರಿಕ್ಸ್ ಅಳೆಯುವ, ಕೈಯಲ್ಲಿ ಹಿಡಿಯುವಂಥ ಸಣ್ಣ ಉಪಕರಣವೂ ಇದೆ. ಗದ್ದೆಯ ಬದುವಿನ ಮೇಲೆ ನಿಂತೇ ರೈತ ಅಳೆದುಕೊಳ್ಳಬಹುದು.

ಇನ್ನೂ ಕೇಳಿ. ಕಡಿದ ಕಬ್ಬು ಬಿಸಿಲಲ್ಲಿ ಟ್ರ್ಯಾಕ್ಟರಿನ ಸಾಲಿನಲ್ಲಿ ನಿಂತರೆ ಬರೀ ತೂಕ ಕಡಿಮೆಯಾಗುವುದಿಲ್ಲ. ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಅವು ಸಕ್ಕರೆಯ ಹರಳಾಗಿ ಕಾರ್ಖಾನೆಯ ಕೈಗೆ ಸಿಗದೆ ಕಾಕಂಬಿಗೆ ಸೇರುತ್ತವೆ. ಹಾಗಾಗಿ ರಿಕವರಿಯೂ ಬೀಳುತ್ತದೆ. ದರ ನಿಂತಿರುವುದು ಇಡೀ ಕಾರ್ಖಾನೆಯ ಸರಾಸರಿ ರಿಕವರಿಯ ಮೇಲೆ. ಒಂದು ಕಾರ್ಖಾನೆಯ ಮುಂದೆ ಸಾಲು ಉದ್ದವಾದರೆ ಅದಕ್ಕೆ ಕಬ್ಬು ಹಾಕುವ ಎಲ್ಲರ ಪಾಲಿಗೂ ಅದು ನಷ್ಟದ ಬಾಬತ್ತು. ಈ ಮಾತು ಗೊತ್ತಿರುವ ರೈತ ಬೇಗ ಕಡಿಸಿ ಬೇಗ ನುರಿಸಿ ಎಂದು ಕಾರಣ ಸಮೇತ ವಾದಿಸುತ್ತಾನೆ. ಗೊತ್ತಿಲ್ಲದವನು ಕೊಟ್ಟ ಚೀಟಿಗೆ ಹೆಬ್ಬೆಟ್ಟು ಒತ್ತುತ್ತಾನೆ.

ನಿಪ್ಪಾಣಿಯ ಕಡೆಗೂ ಒಮ್ಮೆ ನೋಡಿ. ಇಬ್ಬನಿಯಲ್ಲಿ ಒದ್ದೆಯಾದ ಹಸಿ ಹೊಗೆಸೊಪ್ಪನ್ನು ಬರಿಗೈಯಲ್ಲಿ ಮುರಿದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ದುಡಿಯುವ ತಾಯಿ ‘ಬಿಸಿಲ ಝಳ ತಾಗಿತು’ ಎಂದುಕೊಂಡು ಮಲಗುತ್ತಾಳೆ. ಅವಳ ಭಾಷೆಯಲ್ಲಿ ಆ ವಿಷದ ಹೆಸರನ್ನು ಯಾರಾದರೂ ಹೇಳಿದ್ದರೆ ಕೈಗವಸು ತೊಡುತ್ತಿದ್ದಳು, ಎಲೆಯ ತೇವ ಆರುವವರೆಗೆ ಕಾಯುತ್ತಿದ್ದಳು. ಭಾಷೆಯ ಪ್ರಶ್ನೆ ಬರೀ ಬೋರ್ಡಿನ ಪ್ರಶ್ನೆಯಲ್ಲ ಗೆಳೆಯರೇ. ಅದು ಅನ್ನದ ಪ್ರಶ್ನೆ, ಮೈಯ ಪ್ರಶ್ನೆ.

ಯಾರಿಗೂ ಇಲ್ಲದ ನಾಚಿಕೆ ನಮಗೇಕೆ?

ಕನ್ನಡದಲ್ಲಿ ವಿಜ್ಞಾನವೇ ಎಂದು ಮೂಗು ಮುರಿಯುವವರಿಗೆ ಒಂದು ಉತ್ತರ. ಗ್ರೀಕ್ ಮೂಲದ ‘ಆಕ್ಸಿಜನ್’ ಎಂದರೆ ಹುಳಿಯನ್ನು ಹುಟ್ಟಿಸುವುದು ಎಂದರ್ಥ. ಜರ್ಮನ್ನರು ಅದನ್ನು ತಮ್ಮ ಮಾತಿನಲ್ಲಿ ‘ಸೌವರ್‌ಸ್ಟೊಫ್’, ಹುಳಿವಸ್ತು, ಎಂದರು. ಜಪಾನಿನವರು ‘ಸಾನ್ಸೋ’ ಎಂದರು, ಅದೂ ಹುಳಿಯ ಧಾತುವೇ. ನಾವು ‘ಆಮ್ಲಜನಕ’ ಎಂದೆವು. ಇವರಲ್ಲಿ ನಾಚಿಕೊಳ್ಳುವವರು ನಾವು ಮಾತ್ರ! ಜರ್ಮನಿಯ ಹುಡುಗ ಹುಳಿವಸ್ತು ಎಂದು ಕಲಿತೇ ವಿಜ್ಞಾನಿಯಾಗುತ್ತಾನೆ.

ನಮಗೆ ಹಿರಿಯರ ದಾರಿ ಇಲ್ಲವೇ? ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಜರ್ಮನಿಯಿಂದ ಬಂದ ಕಿಟ್ಟೆಲ್ 1894ರಲ್ಲಿ ನಮ್ಮ ಮಾತುಗಳನ್ನು ಕೋಶವಾಗಿ ಕಟ್ಟಿಕೊಟ್ಟರು. ನೀಟ್ ಪರೀಕ್ಷೆಯನ್ನು 2017ರಿಂದ, ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಲು ಅವಕಾಶ ಬಂದಿದೆ. ಬಾಗಿಲು ತೆರೆದಿದೆ. ಒಳಗೆ ಹೋಗುವ ಧೈರ್ಯ ಬೇಕು. ಆ ಧೈರ್ಯ ಪದಗಳ ಗುರುತಿನಿಂದ ಬರುತ್ತದೆ.

‘ಸುಕ್ರೋಸ್’ ಎಂಬ ಪದವನ್ನು ಕಿತ್ತೆಸೆಯಿರಿ ಎಂದು ನಾವು ಹೇಳುತ್ತಿಲ್ಲ. ಅದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಕನ್ನಡ ವಾಕ್ಯದೊಳಗೆ ಕೂರಿಸಿ, ಪಕ್ಕದಲ್ಲಿ ಅದರ ಮೂಲ ಹೇಳಿ. ಹೊಗೆಸೊಪ್ಪಿನ ಪಕ್ಕ ತಂಬಾಕು ಬಾಳಲಿಲ್ಲವೇ?

ಈಗ ನಿಮ್ಮ ಕೆಲಸ

ನಗರದಲ್ಲಿ ಓದುತ್ತಿರುವ ಗೆಳೆಯರೇ, ನಿಮ್ಮಲ್ಲಿ ಬಿಎಸ್ಸಿಯವರಿದ್ದೀರಿ, ಇಂಜಿನಿಯರಿಂಗಿನವರಿದ್ದೀರಿ, ಔಷಧ ಕಂಪನಿಯಲ್ಲಿ ದುಡಿಯುವವರಿದ್ದೀರಿ. ಘೋಷಣೆ ಕೂಗುವ ಗಂಟಲು ನಿಮಗಿದೆ. ಈಗ ಒಂದು ನೋಟುಬುಕ್ ಹಿಡಿಯಿರಿ. ನೀವು ಓದಿದ ರಾಸಾಯನಿಕಗಳಲ್ಲಿ ನೂರನ್ನು ಆರಿಸಿ. ಒಂದೊಂದರ ಹೆಸರು ಎಲ್ಲಿಂದ ಬಂತು, ಅದು ನಮ್ಮ ಊರಿನ ಯಾವ ವಸ್ತುವಿನಲ್ಲಿದೆ, ನಮ್ಮ ಜನ ಅದನ್ನು ಏನೆಂದು ಕರೆಯುತ್ತಾರೆ, ಮೂರೇ ಸಾಲಿನಲ್ಲಿ ಬರೆಯಿರಿ. ರಜೆಗೆ ಊರಿಗೆ ಹೋದಾಗ ಅದನ್ನು ನೀವು ಓದಿದ ಕನ್ನಡ ಶಾಲೆಯ ವಿಜ್ಞಾನದ ಮೇಷ್ಟರ ಕೈಗೆ ಕೊಡಿ. ಅಥಣಿಯವರು ಅಥಣಿಗೆ, ರಾಯಬಾಗದವರು ರಾಯಬಾಗಕ್ಕೆ.

ಪಿಯುಸಿ ವಿಜ್ಞಾನ ಪುಸ್ತಕದ ಕೊನೆಯಲ್ಲಿ ಕನ್ನಡ ಪದಕೋಶ ಬೇಕೆಂದು ಶಾಲಾ ಶಿಕ್ಷಣ ಇಲಾಖೆಗೆ ಬರೆಯಿರಿ. ರಿಕವರಿಯ ಲೆಕ್ಕ, ಬ್ರಿಕ್ಸ್, ಪೋಲ್ ಅಂಕಿಗಳು ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರತಿ ಕಾರ್ಖಾನೆಯ ಗೇಟಿನ ಫಲಕದ ಮೇಲೆ ಬರಬೇಕೆಂದು ಒತ್ತಾಯಿಸಿ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪನವರ ಹೆಸರಿನ ಸಕ್ಕರೆ ಸಂಸ್ಥೆಯೇ ಇದೆ. ಅಲ್ಲಿನ ತಜ್ಞರನ್ನು ಹಳ್ಳಿಯ ಕಟ್ಟೆಗೆ ಕರೆಯಿರಿ. ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವ ತಾಯಂದಿರಿಗೆ ನಿಕೋಟಿನ್ ಎಂದರೇನು ಎಂದು ಹೇಳಿಬನ್ನಿ.

ವಿಜ್ಞಾನದ ಹೆಸರು ಯಾರಪ್ಪನ ಸ್ವತ್ತೂ ಅಲ್ಲ. ಗಾಣದವನು, ತೊಗಲು ಹದ ಮಾಡುವವನು, ಹಡಗಿನ ವ್ಯಾಪಾರಿ, ನಿಘಂಟು ಬರೆದವನು, ಎಲ್ಲರೂ ಸೇರಿ ಮಾಡಿದ ಮಾತು ಅದು. ಆ ಸಾಲಿನಲ್ಲಿ ಕನ್ನಡಿಗನ ಜಾಗ ಖಾಲಿ ಬಿಟ್ಟವರು ನಾವೇ. ಹೋಗಿ ನಿಂತುಕೊಳ್ಳಿ!